ಒಡೆಯೋ ದಿನ

ಮೇಸ್ತ್ರಿಯ ಮನೆಯಲ್ಲಿ ವಾರಕ್ಕೆ ಏಳು ದಿನ ಇರಲಿಲ್ಲ. ಇದ್ದದ್ದು ಎರಡೇ ಬಗೆಯ ದಿನ: ಕಟ್ಟೋ ದಿನ, ಒಡೆಯೋ ದಿನ. ಮಿಕ್ಕವು ಇವೆರಡರ ನಡುವೆ ಹೇಗೋ ಕಳೆದುಹೋಗುತ್ತಿದ್ದವು. ಕಟ್ಟೋ ದಿನ ಅವನು ರೆಪ್ಪೆಗೂದಲಿನಲ್ಲೂ ಮರದ ಹೊಟ್ಟು ಮೆತ್ತಿಕೊಂಡು ಬರುತ್ತಿದ್ದ. ಒಡೆಯೋ ದಿನ ಚೊಕ್ಕವಾಗಿ ಬರುತ್ತಿದ್ದ. ಅವನು ಚಪ್ಪಲಿ ಬಿಡುವ ಮೊದಲೇ ಹೆಂಡತಿ ಒಳಗಿನಿಂದ ಕೇಳುತ್ತಿದ್ದಳು, “ಒಡೆದಾಯ್ತಾ?” ಅವನು “ಆಯ್ತು” ಅನ್ನುತ್ತಿದ್ದ. ಒಂದು ಕೆಲಸ ಮುಗಿಯಿತು, ಇನ್ನು ತಟ್ಟೆ ಹಾಕಬಹುದು ಎಂದು ಅದರ ಅರ್ಥ.

ವಸ್ತುಪ್ರದರ್ಶನಗಳಿಗೆ ಸ್ಟಾಲು ಕಟ್ಟುವುದು ಅವನ ಕಸುಬು. ನಾಲ್ಕು ದಿನ ಕಟ್ಟಿ, ಮೂರು ದಿನ ನಿಲ್ಲಿಸಿ, ಒಂದು ಗಂಟೆಯಲ್ಲಿ ಒಡೆಯುವುದು. ಕಂಪನಿಯವರು ಕೋಟೆ ಕೇಳಿದರೆ ಕೋಟೆ, ಹಡಗು ಕೇಳಿದರೆ ಹಡಗು. ಎಲ್ಲಕ್ಕೂ ಅದೇ ಪ್ಲೈವುಡ್ಡು, ಅದೇ ಮೊಳೆ, ಅದೇ ಅಂಟು, ಮೇಲೊಂದು ಸ್ಟಿಕ್ಕರು. ಎದುರಿನಿಂದ ನೋಡಿದವರಿಗೆ ಅಮೃತಶಿಲೆ, ಹಿಂದೆ ಹೋಗಿ ಇಣುಕಿದವರಿಗೆ ಬರೀ ಹಲಗೆ. ಹಿಂದೆ ಹೋಗಿ ಇಣುಕುವಷ್ಟು ಪುರುಸೊತ್ತು ಯಾರಿಗೂ ಇರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಮೂರನೆಯ ದಿನ ಸಂಜೆ ಆರಕ್ಕೆ ಜನವೆಲ್ಲ ಹೊರಗೆ ಹೋದ ಮೇಲೆ ಒಡೆಯುವವರು ಒಳಗೆ ಬರುತ್ತಿದ್ದರು. ಕಟ್ಟುವವರು ಬೇರೆ, ಒಡೆಯುವವರು ಬೇರೆ. ಅವರ ತಂಡದ ಯಜಮಾನನನ್ನು ಎಲ್ಲರೂ ಗಡಾರಿ ಅನ್ನುತ್ತಿದ್ದರು. ಕೈಯಲ್ಲಿ ಹಿಡಿದ ಕಬ್ಬಿಣದ ಗಡಾರಿಗೂ ಅವನಿಗೂ ದಪ್ಪದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಯಾವ ಗೋಡೆಯ ಯಾವ ಜಾಗಕ್ಕೆ ಒಂದೇಟು ಬಿದ್ದರೆ ಅದು ಅಂಗಾತ ಮಲಗುತ್ತದೆ ಎನ್ನುವುದು ಕಟ್ಟಿದವನಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಆರು ಗಂಟೆಗೆ ಅವನು ಸಾಲಿನಲ್ಲಿರುವ ಸ್ಟಾಲುಗಳ ಮೇಸ್ತ್ರಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, ಸಾಮಾನು ತೆಗೆದಿರಾ, ಶುರು ಮಾಡಲಾ ಎಂದು ಕೇಳುತ್ತಿದ್ದ. ಅವರು “ಹೂಂ, ಒಡಿ” ಅನ್ನುತ್ತಿದ್ದರು. ಏಳು ಗಂಟೆಗೆ ಎಲ್ಲವೂ, ಪ್ಲಾಸ್ಟಿಕ್ ಹಾಳೆ ಇನ್ನೂ ಪೂರ್ತಿ ಸುಲಿಯದಿದ್ದ ಹೊಸ ನೆಲಹಾಸೂ ಸೇರಿ, ಹಿಂಬಾಗಿಲಿನ ಕಸದ ತೊಟ್ಟಿಗಳಲ್ಲಿ ಇರುತ್ತಿತ್ತು.

ಮೂವತ್ತೊಂದು ವರ್ಷ ಮೇಸ್ತ್ರಿ ಇದನ್ನೇ ಮಾಡಿದ್ದ. ಅವನು ಕಟ್ಟಿದ್ದರಲ್ಲಿ ಇನ್ನೂ ನಿಂತಿರುವುದು ಅಡುಗೆಮನೆಯ ಸ್ಟೂಲು ಒಂದೇ, ಅದೂ ಕುಂಟುತ್ತದೆ ಎಂದು ಹೆಂಡತಿ ನೆಂಟರ ಎದುರಿಗೇ ನಗುತ್ತಿದ್ದಳು. ಅವನೂ ನಗುತ್ತಿದ್ದ. ನಗುವಾಗ ಎಲ್ಲೋ ಒಂದು ಕಡೆ ಚುರುಕ್ಕೆನ್ನುತ್ತಿತ್ತು, ಆದರೆ ಹೆಂಡತಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ.

ಅವರಿಗೆ ಒಬ್ಬಳೇ ಮಗಳು. ಅವಳಿಗೆ ಏಳು ವರ್ಷವಾಗಿದ್ದಾಗ ಮೇಸ್ತ್ರಿ ಯಾವುದೋ ಬಿಸ್ಕತ್ತಿನ ಕಂಪನಿಗೆ ಪುಟ್ಟದೊಂದು ಮನೆ ಕಟ್ಟಿದ್ದ. ನೀಲಿ ಬಾಗಿಲು, ತೆರೆದು ಮುಚ್ಚುವ ಕಿಟಕಿ. ಪ್ರದರ್ಶನ ಶುರುವಾಗುವ ಹಿಂದಿನ ದಿನ ಮಗಳನ್ನು ಕರೆದೊಯ್ದು ಒಳಗೆ ಬಿಟ್ಟಿದ್ದ. ಅವಳು ಒಂದು ಗಂಟೆ ಅಲ್ಲಿ ಸಂಸಾರ ಹೂಡಿ, ಅಪ್ಪನಿಗೆ ಕಿಟಕಿಯಿಂದ ಕಾಫಿ ಕೊಡುವ ಆಟ ಆಡಿದಳು. ಒಡೆಯೋ ದಿನವೂ ಬರುತ್ತೇನೆಂದು ಹಟ ಹಿಡಿದಾಗ ಮೇಸ್ತ್ರಿಗೆ ಬೇಡ ಅನ್ನಲು ತೋಚಲಿಲ್ಲ. ಗಡಾರಿ ನೀಲಿ ಬಾಗಿಲಿಗೆ ಹಾಕಿದ ಮೊದಲ ಏಟಿಗೇ ಮಗು ಬೆಚ್ಚಿಬಿತ್ತು. ಅತ್ತಿದ್ದರೆ ವಾಸಿಯಿತ್ತು, ಅಳಲಿಲ್ಲ. ಬಸ್ಸಿನಲ್ಲಿ ಮಾತ್ರ, ನೀನು ಯಾಕೆ ಸುಮ್ಮನೆ ನಿಂತಿದ್ದೆ ಎಂದು ಕೇಳಿತು. ಒಡೆಯೋದಕ್ಕೇ ಕಟ್ಟೋದು ಮರಿ ಎಂದು ಅಪ್ಪ ಹೇಳಿದ. ಆಮೇಲೆ ಅವಳು ಅಪ್ಪನ ಕೆಲಸದ ಜಾಗಕ್ಕೆ ಒಮ್ಮೆಯೂ ಬರಲಿಲ್ಲ. ಶಾಲೆಯಲ್ಲಿ ಅಪ್ಪನಿಗೇನು ಕೆಲಸ ಎಂದು ಕೇಳಿದರೆ ಬಡಗಿ ಎಂದಷ್ಟೇ ಹೇಳುತ್ತಿದ್ದಳಂತೆ.

ಹಾಗಾಗಿ ಅವಳು ಓದು ಮುಗಿಸಿ, ಬೇರೆಲ್ಲ ಬಿಟ್ಟು, ಸ್ಟಾಲುಗಳ ನಕ್ಷೆ ಮಾಡುವ ಕಚೇರಿಗೇ ಸೇರಿದಾಗ ಮೇಸ್ತ್ರಿಗೆ ತಲೆಬುಡ ತಿಳಿಯಲಿಲ್ಲ. ಕಾರಣ ಎರಡು ವರ್ಷದ ಮೇಲೆ ಗೊತ್ತಾಯಿತು. ಒಂದು ಬೆಳಗ್ಗೆ ಅವಳು ಕೊಳವೆಯಲ್ಲಿ ಸುತ್ತಿದ ನಕ್ಷೆ ಹಿಡಿದು ಅವನ ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದಳು. ಪಂಪು ಮಾಡುವ ಕಂಪನಿಯೊಂದಕ್ಕೆ ಸ್ಟಾಲು. ಮೊಳೆ ಇಲ್ಲ, ಅಂಟು ಇಲ್ಲ, ಸ್ಟಿಕ್ಕರ್ ಇಲ್ಲ. ಗೋಡೆಯ ಬದಲು ಮರದ ಚೌಕಟ್ಟುಗಳು, ಅವಕ್ಕೆ ಬಿಗಿದ ಬಟ್ಟೆ. ಇಲ್ಲಿ ಮೂರು ದಿನ ನಿಂತು, ಬಿಡಿಬಿಡಿಯಾಗಿ ಲಾರಿ ಹತ್ತಿ, ಎಂಟು ದಿನದ ಮೇಲೆ ಇನ್ನೊಂದು ಊರಿನಲ್ಲಿ ಹಾಗೇ ಎದ್ದು ನಿಲ್ಲಬೇಕು. ನಿಂತರೆ ಇನ್ನು ಮುಂದೆ ತಮ್ಮ ಸ್ಟಾಲೆಲ್ಲ ಇದೇ ಬಗೆಯದು ಎಂದು ಅವಳ ಕಚೇರಿಯ ಯಜಮಾನಿ ಮಾತು ಕೊಟ್ಟಿದ್ದರು. ನಿಲ್ಲದಿದ್ದರೆ ಈ ಮಾತು ಮತ್ತೆ ಎತ್ತಬಾರದು ಎಂದೂ ಹೇಳಿದ್ದರು.

“ಬೇರೆ ಮೇಸ್ತ್ರಿಗಳು ಆಗಲ್ಲ ಅಂದ್ರಪ್ಪ,” ಎಂದಳು. “ನೀನೂ ಆಗಲ್ಲ ಅಂದ್ರೆ ನಾನು ಬಿಟ್ಟುಬಿಡ್ತೀನಿ.”

ಮೇಸ್ತ್ರಿ ನಕ್ಷೆಯನ್ನು ಬೆಂಚಿನ ಮೇಲೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಉಳಿ ಇಟ್ಟ. ಮೂಲೆಯಲ್ಲಿ ‘ಕಳಚುವ ಕ್ರಮ’ ಎಂದು ಬರೆದಿತ್ತು. ಕಳಚೋದು ಅಂದರೆ ಏನು, ಸ್ಟಾಲಿಗೆ ಅಂಗಿ ಹಾಕಿದೀಯಾ ಎಂದು ರೇಗಿಸಿದ. ಅವಳಿಗೂ ನಗು ಬಂತು. ಆ ಪದ ಆ ಕಾಗದದಲ್ಲೇ ಉಳಿಯಿತು. ಆಮೇಲಿನ ಒಂದು ತಿಂಗಳಲ್ಲಿ ಅಪ್ಪನ ಬಾಯಲ್ಲಾಗಲಿ ಮಗಳ ಬಾಯಲ್ಲಾಗಲಿ ಅದು ಬರಲಿಲ್ಲ. ಒಡೆಯೋ ದಿನ ನಾನೇ ಖುದ್ದಾಗಿ ನಿಂತಿರುತ್ತೇನೆ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು.

ಕೆಲಸ ಸುಸೂತ್ರವಾಗೇನೂ ಶುರುವಾಗಲಿಲ್ಲ. ಮೂರನೆಯ ದಿನವೇ ಮೇಸ್ತ್ರಿ ತನಗೇ ಅರಿವಿಲ್ಲದೆ ಒಂದು ಜೋಡಣೆಗೆ ಅಂಟು ಸುರಿದು, ಬೆರಳಲ್ಲಿ ಸವರಿ, ಚೆನ್ನಾಗಿ ಒತ್ತಿ ಹಿಡಿದುಕೊಂಡು ಕೂತಿದ್ದ. ಮಗಳು ಬಂದು ನೋಡಿ, ಅಂಟಿನ ಬಾಟಲಿ ತೆಗೆದು ತನ್ನ ಬ್ಯಾಗಿನಲ್ಲಿ ಹಾಕಿಕೊಂಡು ಹೋದಳು. ಅವನು ಅವಮಾನವಾದವನಂತೆ ಅರ್ಧ ದಿನ ಮುಖ ಊದಿಸಿಕೊಂಡಿದ್ದ. ಅಂಟಿಲ್ಲದೆ, ಮೊಳೆಯಿಲ್ಲದೆ ಹತ್ತಡಿ ಚೌಕಟ್ಟು ನಿಲ್ಲಬೇಕಾದರೆ ಅದನ್ನು ಬೇಡಿಕೊಳ್ಳಬೇಕಾ ಎಂದು ಗೊಣಗಿದ.

ಸಂಜೆ ಅವನಿಗೆ ತನ್ನ ಗುರು ನೆನಪಾದ. ಆ ಮುದುಕ ಮಂಚ ಮಾಡುತ್ತಿದ್ದ. ಮಂಚದ ಅಡ್ಡಪಟ್ಟಿಯ ತುದಿಯನ್ನು ಕಾಲಿನ ತೂತಿನಿಂದ ಆಚೆಗೆ ಹಾಯಿಸಿ, ಹಾಗೆ ಆಚೆ ಬಂದ ನಾಲಿಗೆಗೆ ಇನ್ನೊಂದು ತೂತು ಕೊರೆದು, ಅದರಲ್ಲಿ ಮರದ ಬೆಣೆ ಕೂರಿಸುತ್ತಿದ್ದ. ಮೇಲಿನಿಂದ ತಟ್ಟಿದರೆ ಬಿಗಿ, ಕೆಳಗಿನಿಂದ ತಟ್ಟಿದರೆ ಸಡಿಲ. ಅಂಥ ಮಂಚ ಅಜ್ಜಂದಿರ ಕಾಲದಿಂದ ಮೊಮ್ಮಕ್ಕಳ ಕಾಲದವರೆಗೆ ಹತ್ತು ಮನೆ ಬದಲಾಯಿಸುತ್ತಿತ್ತು. ಮೇಸ್ತ್ರಿ ಬೆಣೆ ಮಾಡಿ ಮೂವತ್ತು ವರ್ಷದ ಮೇಲಾಗಿತ್ತು. ಮೊದಲ ಏಳು ಬೆಣೆ ಒಲೆಗೆ ಹೋದವು. ಎಂಟನೆಯದು ಸರಿಯಾಗಿ ಕೂತಿತು. ಅವನು ಮಗಳಿಗೆ ಫೋನು ಮಾಡಿ, ಅಂಟಿನ ಬಾಟಲಿ ನೀನೇ ಇಟ್ಟುಕೋ ಎಂದ.

ಒಟ್ಟು ನಲವತ್ತು ಬೆಣೆ. ಪ್ರತಿಯೊಂದಕ್ಕೂ ಅದು ಕೂರುವ ಜಾಗದ ಗುರುತನ್ನು ಕಾಯಿಸಿದ ಕಂಬಿಯಿಂದ ಸುಟ್ಟು ಬರೆದ. ಸಂಜೆ ಕಚೇರಿ ಮುಗಿಸಿ ಬಂದ ಮಗಳು ಬಟ್ಟೆಯ ಅಂಚಿಗೆ ಹಗ್ಗ ಪೋಣಿಸುತ್ತ ಕೂರುತ್ತಿದ್ದಳು. ಇಪ್ಪತ್ತು ವರ್ಷದ ಹಿಂದೆ ಬಸ್ಸಿನಲ್ಲಿ ಮಗು ಕೇಳಿದ ಪ್ರಶ್ನೆಗೆ ಈಗ ಕೈಯಿಂದ ಉತ್ತರ ಬರೆಯುತ್ತಿದ್ದೇನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಈ ಸ್ಟಾಲು ಇನ್ನೊಂದು ಊರಿನಲ್ಲಿ ನಿಂತದ್ದನ್ನು ಕಣ್ಣಾರೆ ನೋಡಿದರೆ ಸಾಕು, ಆಮೇಲೆ ಕಸುಬು ಬಿಟ್ಟರೂ ಚಿಂತೆಯಿಲ್ಲ ಎಂದು ಹೆಂಡತಿಗೆ ಹೇಳಿದ. ಹಾಗಾದರೆ ಮೊದಲು ಆ ಸ್ಟೂಲು ಸರಿಮಾಡಿ ಎಂದಳು ಅವಳು.

ಪ್ರದರ್ಶನದ ಮೂರೂ ದಿನ ಸ್ಟಾಲು ಚೆನ್ನಾಗಿ ನಿಂತಿತು. ಅಕ್ಕಪಕ್ಕದ ಥಳಕಿನ ಮುಂದೆ ಅದು ಸ್ವಲ್ಪ ಮಂಕೇ. ಪಂಪು ಕೇಳಲು ಬಂದವರಲ್ಲಿ ಕೆಲವರು ಬೆಣೆ ಮುಟ್ಟಿ ನೋಡಿ, ಇದೇನು ಎಂದು ಕೇಳಿದರು. ಮೇಸ್ತ್ರಿ ಕಟ್ಟಿ ಮುಗಿಸಿದ ಮೇಲೆ, ಜನ ಇರುವಾಗ, ಯಾವ ಪ್ರದರ್ಶನಕ್ಕೂ ಕಾಲಿಟ್ಟವನಲ್ಲ. ಈ ಸಲ ಮೂರೂ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಒಂದು ಮೂಲೆಯಲ್ಲಿ ಪಂಪಿನ ಗಿರಾಕಿಯಂತೆ ನಿಂತಿದ್ದ. ಹೆಂಡತಿಯೂ ಒಂದು ಮಧ್ಯಾಹ್ನ ಬಂದಳು. ಚೌಕಟ್ಟನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿ, ಕುಂಟುತ್ತಿಲ್ಲ ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದುಂಟೇ?

ಮೂರನೆಯ ದಿನ ಸಂಜೆ ಐದಕ್ಕೆ ಕಂಪನಿಯವರು ಪಂಪುಗಳನ್ನು ಕಟ್ಟಿ ತೆಗೆದುಕೊಂಡು ಹೋದರು. ಲಾರಿ ಹಿಂಬಾಗಿಲಿಗೆ ಬಂದು ನಿಂತಿತ್ತು. ಒಡೆಯುವವರಿಗೆ ತೋರಿಸಲೆಂದು ಮಗಳು ಚಿತ್ರ ಬರೆದ ಹಾಳೆಯೊಂದನ್ನು ಸ್ಟಾಲಿನ ಒಳಗಿನ ಉಗ್ರಾಣದ ಬಾಗಿಲಿಗೆ ಸಿಕ್ಕಿಸಿದ್ದಳು: ಮೊದಲು ಬಟ್ಟೆ, ಆಮೇಲೆ ಬೆಣೆ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತಟ್ಟುವುದು. ಆರಕ್ಕೆ ಅವರು ಬಂದಾಗ ತಾನೇ ಎಲ್ಲ ವಿವರಿಸಬೇಕೆಂದಿದ್ದಳು. ಗಡಾರಿಗೆ ಮುಂಚೆಯೇ ಒಂದು ಮಾತು ಹೇಳಿಡಬೇಕು ಎಂದು ಅಪ್ಪನಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ. ಒಡೆಯುವವರಿಗೆ ಯಾರೂ ಎಂದೂ ಏನೂ ಹೇಳಿದ್ದಿಲ್ಲ, ಹೊತ್ತೊಂದನ್ನು ಬಿಟ್ಟರೆ.

ಐದೂವರೆಗೆ ಲಾರಿಯ ಡ್ರೈವರ್ ಬಂದು, ಸಾಮಾನು ಹೊರಗೆ ಹೋಗಬೇಕಾದರೆ ಚೀಟಿ ಬೇಕಂತೆ, ಗೇಟಿನವನು ಬಿಡುವುದಿಲ್ಲ ಎಂದ. ಇಬ್ಬರೂ ಪ್ರದರ್ಶನದ ಕಚೇರಿಗೆ ಓಡಿದರು. ಮೇಸ್ತ್ರಿಗೂ ಈ ಚೀಟಿಯ ವಿಷಯ ಹೊಸದು. ಮೂವತ್ತೊಂದು ವರ್ಷದಲ್ಲಿ ಅವನು ಕಟ್ಟಿದ ಯಾವುದೂ ಗೇಟಿನಿಂದ ಹೊರಗೆ ಹೋಗಿರಲಿಲ್ಲ.

ಕಿಟಕಿಯ ಮುಂದೆ ಉದ್ದ ಸಾಲು. ಇವರ ಸರದಿ ಬರುವಾಗ ಆರಕ್ಕೆ ಐದು ನಿಮಿಷ. ಗುಮಾಸ್ತ ಒಳ್ಳೆಯವನೇ, ಆದರೆ ಅವನ ಚೀಟಿಯಲ್ಲಿ ಎರಡೇ ಕಾಲಂ ಇತ್ತು: ‘ಮಾರಾಟದ ಸಾಮಾನು’ ಮತ್ತು ‘ಕಸ’. ಸ್ಟಾಲು ಮಾರಾಟದ ಸಾಮಾನಲ್ಲ. ಹಾಗಾದರೆ ಕಸ ಎಂದ. ಕಸ ಎಂದು ಬರೆದರೆ ಲಾರಿ ತೊಟ್ಟಿಗಳ ದಾರಿಯಲ್ಲಿ ಹೋಗಿ ಎಲ್ಲ ಸುರಿಯಬೇಕು. ಕಸ ಅಲ್ಲ, ಇದು ಮತ್ತೆ ನಿಲ್ಲುವ ಸ್ಟಾಲು ಎಂದು ಮಗಳು ಬಿಡಿಸಿ ಹೇಳಿದಳು. ಅಂಥದ್ದು ಇರುವುದಿಲ್ಲ ಮೇಡಂ ಎಂದು ಗುಮಾಸ್ತ ನಯವಾಗಿ ಹೇಳಿದ. ಕೊನೆಗೆ ಮೇಲಿನವರನ್ನು ಕೇಳಿ ಬರುತ್ತೇನೆಂದು ಎದ್ದು ಹೋದ. ಅಪ್ಪ ಮಗಳು ಖಾಲಿ ಕುರ್ಚಿಯನ್ನೇ ನೋಡುತ್ತ ನಿಂತರು. ಹಿಂದಿನವರು ಗೊಣಗತೊಡಗಿದರು.

ಆಗ ಮೇಸ್ತ್ರಿಗೆ ಫೋನು ಬಂತು. ಅವನ ಒಂದು ಕಿವಿ ಗುಮಾಸ್ತ ಹೋದ ಬಾಗಿಲ ಕಡೆಗಿತ್ತು.

“ಮೇಸ್ತ್ರೀ, ಸಾಮಾನೆಲ್ಲ ಹೋಗಿದೆ. ಶುರು ಮಾಡ್ಲಾ?” ಎಂದ ಗಡಾರಿ.

“ಹೂಂ, ಒಡಿ,” ಎಂದ ಮೇಸ್ತ್ರಿ. ಫೋನು ಜೇಬಿಗೆ ಹಾಕಿದ.

ಗುಮಾಸ್ತ ಬಂದದ್ದು ಆರೂಕಾಲಿಗೆ. ಮೇಲಿನವರಿಗೂ ಗೊತ್ತಿರಲಿಲ್ಲ, ಆದರೆ ಬರೆದುಕೊಡು ಎಂದರಂತೆ. ಅವನು ಎರಡೂ ಕಾಲಮ್ಮುಗಳ ಮೇಲೆ ಗೀಟು ಎಳೆದು, ಕೆಳಗಿನ ಖಾಲಿ ಜಾಗದಲ್ಲಿ ಮುದ್ದಾದ ಅಕ್ಷರದಲ್ಲಿ ‘ಸ್ಟಾಲು, ಒಂದು, ಇಡಿಯಾಗಿ’ ಎಂದು ಬರೆದ. ಮೊಹರು ಒತ್ತಿದ. ತಾನೂ ಇಂಥ ಚೀಟಿ ಬರೆದದ್ದು ಇದೇ ಮೊದಲು ಎಂದು ನಕ್ಕ. ಮಗಳು ಆ ಚೀಟಿಯನ್ನು ಶಾಯಿ ಒಣಗಲೆಂದು ಗಾಳಿಯಲ್ಲಿ ಬೀಸುತ್ತ ನಡೆದಳು. ಮೇಸ್ತ್ರಿ ಅವಳ ಹಿಂದೆ. ಸ್ಟಾಲುಗಳ ನಡುವಿನ ಓಣಿಯ ಉದ್ದಕ್ಕೂ ಒಡೆಯುವ ಸದ್ದು ಕೇಳಿಸುತ್ತಿತ್ತು. ಆ ಹೊತ್ತಿಗೆ ಅದು ಯಾವಾಗಲೂ ಇರುವ ಸದ್ದೇ ಆದ್ದರಿಂದ ಇಬ್ಬರೂ ಅದಕ್ಕೆ ಕಿವಿಗೊಡಲಿಲ್ಲ.

ತಿರುವು ದಾಟಿದಾಗ ಸ್ಟಾಲು ಇದ್ದ ಜಾಗದಲ್ಲಿ ಬೆಳಕು ಜಾಸ್ತಿ ಕಂಡಿತು. ಮುಂದಿನ ಎರಡು ಚೌಕಟ್ಟು ನೆಲದ ಮೇಲಿದ್ದವು, ನಡು ಮುರಿದು. ಬಟ್ಟೆಯನ್ನು ಚಾಕುವಿನಿಂದ ಸೀಳಿ ಗುಡ್ಡೆ ಹಾಕಿದ್ದರು. ಹಿಂದಿನ ಚೌಕಟ್ಟಿಗೆ ಇಬ್ಬರು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಗಡಾರಿ ಬೆವರು ಒರೆಸಿಕೊಳ್ಳುತ್ತ ಮೇಸ್ತ್ರಿಯ ಹತ್ತಿರ ಬಂದ. ಅವನ ಮುಖದಲ್ಲಿ ಮೆಚ್ಚುಗೆ ಇತ್ತು.

“ಏನು ಕಟ್ಟಿದೀಯ ಮೇಸ್ತ್ರಿ, ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ,” ಎಂದ. “ಒಡೆಯೋಕೇ ಆಗ್ತಿಲ್ಲ. ಎರಡು ಸುತ್ತಿಗೆ ಹಿಡಿ ಮುರೀತು.”

ಮಗಳು ಚೀಟಿ ಹಿಡಿದ ಕೈಯನ್ನು ಹಾಗೇ ಮೇಲೆತ್ತಿದಳು, ಬಸ್ಸು ನಿಲ್ಲಿಸುವವರಂತೆ. ಸುತ್ತಿಗೆಯವರು ನಿಲ್ಲಿಸಿದರು. ಗಡಾರಿ ಅವಳ ಮುಖ ನೋಡಿದ, ಮೇಸ್ತ್ರಿಯ ಮುಖ ನೋಡಿದ. ಉಗ್ರಾಣದ ಬಾಗಿಲು ಮಗುಚಿ ಬಿದ್ದಿತ್ತು. ಅವನೇ ಅದನ್ನು ಎತ್ತಿ, ಸಿಕ್ಕಿಸಿದ್ದ ಹಾಳೆ ನೋಡಿದ. ಚಿತ್ರ ಅರ್ಥವಾಗಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನ ಕೈಯಿಂದ ಬಾಗಿಲು ಜಾರಿತು.

ಯಾರು ಶುರು ಮಾಡಿ ಅಂದದ್ದು ಎಂದು ಅವಳು ಕೇಳಿದಳು. ದನಿ ಜೋರಿರಲಿಲ್ಲ.

“ನಾನೇ ತಾಯಿ,” ಎಂದ ಗಡಾರಿ. “ಕೇಳದೆ ಕೈ ಹಾಕಿಬಿಟ್ಟೆ. ನಂದೇ ಆತುರ.”

ಮೇಸ್ತ್ರಿಗೆ ಒಂದು ಕ್ಷಣ ಹಗುರವಾಯಿತು. ನಿಜ ಹೇಳಬೇಕಲ್ಲ, ಹಗುರವಾಯಿತು. ಆ ಬಡಕಲು ಮನುಷ್ಯ ಹೊತ್ತುಕೊಳ್ಳುತ್ತಿದ್ದಾನೆ, ಹೊತ್ತುಕೊಳ್ಳಲಿ, ಅವನಿಗೇನು ಮಗಳಿದ್ದಾಳೆಯೇ ಎಂದು ಮನಸ್ಸು ಹೇಳಿತು. ಆಮೇಲೆ ಆ ಮನಸ್ಸಿನ ಮೇಲೇ ಅವನಿಗೆ ಹೇಸಿಗೆ ಹುಟ್ಟಿತು. ನೀಲಿ ಬಾಗಿಲು ಬಿದ್ದ ದಿನವೂ ಅವನು ಹೀಗೇ ಸುಮ್ಮನೆ ನಿಂತಿದ್ದ.

“ಅವನಲ್ಲ ಮರಿ,” ಎಂದ. “ಅವನು ಫೋನಲ್ಲಿ ಕೇಳಿದ. ನಾನೇ ಒಡಿ ಅಂದೆ. ಬಾಯಿಗೆ ಬಂದುಬಿಡ್ತು.”

ಮಗಳು ಮುರಿದ ಚೌಕಟ್ಟನ್ನು ನೋಡಿದಳು. ಅವಳು ಕೂಗಾಡಿದ್ದರೆ, ಕಣ್ಣೆದುರು ನಿಲ್ಲಬೇಡ ಅಂದಿದ್ದರೆ ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ. ಅದಕ್ಕೆ ಅವನು ತಯಾರಿದ್ದ.

“ಗೊತ್ತು,” ಎಂದಳು. “ಪಕ್ಕದಲ್ಲೇ ಇದ್ನಲ್ಲಪ್ಪ. ನೀನು ಅಂದಿದ್ದು ಕೇಳಿಸ್ತು.” ಚೀಟಿ ಮಡಿಸುತ್ತ ಹೇಳಿದಳು, “ನನಗೂ ಏನೂ ಅನ್ನಿಸಲಿಲ್ಲ.”

ಮೇಸ್ತ್ರಿ ಹಾಳು ಮಾಡಿದ್ದು ಸ್ಟಾಲನ್ನಷ್ಟೇ ಆಗಿದ್ದರೆ ಇನ್ನೊಂದು ಕಟ್ಟಬಹುದಿತ್ತು. ಗೋಡೆ, ಅಂಟು, ಮೊಳೆ, ಸ್ಟಿಕ್ಕರು ಎಲ್ಲವನ್ನೂ ಬದಲಾಯಿಸಿದ ಮಗಳು ‘ಒಡೆಯೋದು’ ಎನ್ನುವ ಆ ಒಂದು ಪದವನ್ನು ಮಾತ್ರ ಅವನ ಮನೆಯಲ್ಲಿ ಅನ್ನದ ಜೊತೆ ಉಂಡು ಬೆಳೆದಿದ್ದಳು. ಬಡಿಸಿದವನು ಅವನೇ.

ಅವಳು ಅಲ್ಲೇ ನಿಂತು ಯಜಮಾನಿಗೆ ಫೋನು ಮಾಡಿದಳು. ಮಾತು ಬೇಗ ಮುಗಿಯಿತು. ಅವರು ಸಿಟ್ಟಾಗಲಿಲ್ಲವಂತೆ. ಹೊಸದಾಗಿ ಕಟ್ಟುವುದಾದರೆ ಅದು ಹಳೇ ಆಟವೇ ಆಯಿತಲ್ಲ ಎಂದರಂತೆ. ಎಂಟೇ ದಿನ ಇರುವುದರಿಂದ ಎಂದಿನಂತೆ ಪ್ಲೈವುಡ್ಡಿನಲ್ಲೇ ಆಗಲಿ, ನಿಮ್ಮ ತಂದೆಗೇ ಹೇಳಿಬಿಡಿ, ಅವರ ಕೆಲಸ ಚೊಕ್ಕ ಎಂದೂ ಅಂದರಂತೆ. ಮಗಳು ಇದನ್ನೆಲ್ಲ ಯಾರದೋ ಸುದ್ದಿಯಂತೆ ಹೇಳಿದಳು. ಬ್ಯಾಗಿನಿಂದ ಅಂಟಿನ ಬಾಟಲಿ ತೆಗೆದು ಅಪ್ಪನ ಕೈಗೆ ಕೊಟ್ಟಳು. ಒಂದು ತಿಂಗಳಾದರೂ ಅದು ಇನ್ನೂ ಅವಳ ಬ್ಯಾಗಿನಲ್ಲೇ ಇತ್ತೆಂದು ಅವನಿಗೆ ಗೊತ್ತಿರಲಿಲ್ಲ.

ಗಡಾರಿಯ ಜನ ಉಳಿದದ್ದನ್ನು ತೊಟ್ಟಿಗೆ ಸಾಗಿಸಿದರು, ಎಂದಿಗಿಂತ ಮೆಲ್ಲಗೆ. ಚೌಕಟ್ಟುಗಳೆಲ್ಲ ಮುರಿದಿದ್ದವು. ಬೆಣೆ ಮಾತ್ರ ಒಂದೂ ಮುರಿದಿರಲಿಲ್ಲ. ಗಡಾರಿ ಅವನ್ನು ಆಯ್ದು ಒಂದು ಚೀಲದಲ್ಲಿ ತುಂಬಿ ತಂದುಕೊಟ್ಟ. ಒಳ್ಳೇ ಮರ ಮೇಸ್ತ್ರಿ ಎಂದ. ಹೊರಗೆ ಗೇಟಿನವನು ಚೀಟಿ ಓದಿ, ಖಾಲಿ ಲಾರಿಯ ಒಳಗೆ ಇಣುಕಿ, ಸ್ಟಾಲು ಎಲ್ಲಿ ಎಂದು ಕೇಳಿದ. ಡ್ರೈವರ್ ತಲೆಯಾಡಿಸಿದ. ಗೇಟಿನವನು ಹೆಚ್ಚು ಕೇಳದೆ ಬಿಟ್ಟ.

ಅಪ್ಪ ಮಗಳು ಬಸ್ಸಿನಲ್ಲಿ ಬಂದರು. ಅವಳು ಕಿಟಕಿಯ ಕಡೆ ಕೂತಿದ್ದಳು, ಅವನ ತೊಡೆಯ ಮೇಲೆ ಬೆಣೆಯ ಚೀಲ. ಈ ಸಲ ಅವಳು ಏನೂ ಕೇಳಲಿಲ್ಲ.

ಮನೆಯ ಬಾಗಿಲು ತೆರೆದಿತ್ತು. ಒಳಗೆ ಹೆಂಡತಿ ತಟ್ಟೆಗಳನ್ನು ತೊಳೆದು ಒರೆಸುತ್ತಿದ್ದಳು. ಹೆಜ್ಜೆಯ ಸದ್ದಿಗೆ, ತಿರುಗಿಯೂ ನೋಡದೆ, ಎಂದಿನಂತೆ ಕೇಳಿದಳು.

“ಒಡೆದಾಯ್ತಾ?”

ಮೇಸ್ತ್ರಿ ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದರಲ್ಲಿ ಹಾಗೇ ನಿಂತ.

“ಆಯ್ತಮ್ಮ,” ಎಂದಳು ಮಗಳು, ಮತ್ತು ಕೈ ತೊಳೆಯಲು ಒಳಗೆ ಹೋದಳು.